ವಾಲಿದ್ದು ಅಕ್ಷರ, ಬಿದ್ದದ್ದು ಬೋರ್ಡು

ನಾಮಫಲಕ ಪರವಾನಗಿ ವಿಭಾಗದ ಮಾನ್ಯ ಅಧಿಕಾರಿಗಳೇ,

ನೆಟ್ಟಗಿದ್ದ ಬೋರ್ಡೊಂದನ್ನು ‘ವಾಲಿದೆ, ಅಪಾಯಕಾರಿ’ ಎಂದು ನಿಮ್ಮ ಕಚೇರಿ ಓರೆ ಮಾಡಿಸಿತು. ಅದು ಬಿದ್ದು ಒಬ್ಬ ಹೆಂಗಸಿನ ಭುಜ ಮುರಿಯಿತು. ಈಗ ಬೋರ್ಡೇ ಇಲ್ಲವೆಂದು ಅದೇ ಹೆಂಗಸಿಗೆ ನೋಟಿಸು ಕಳಿಸಿದ್ದೀರಿ. ಆ ಬೋರ್ಡು ಬರೆದವನು ನಾನು. ಡೊಂಬಿವಿಲಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ.

ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಹಿಂದೆ ಕಲಬುರಗಿ ಕಡೆಯ ಮರಗಮ್ಮನವರು ಬಾಗಿಲಲ್ಲೇ ಕೂತು ರೊಟ್ಟಿ ಬಡಿಯುತ್ತಾರೆ. ಅಂಗಡಿಯ ಅಗಲ ಐದು ಅಡಿ. ಹೆಸರು ‘ಮರಗಮ್ಮ ಜೋಳದ ರೊಟ್ಟಿ ಖಾನಾವಳಿ’. ಅಷ್ಟರಲ್ಲಿ ಹಿಡಿಸಲೆಂದು ಅಕ್ಷರಗಳನ್ನು ಇಕ್ಕಟ್ಟಾಗಿ ನಿಲ್ಲಿಸಿದೆ, ಬೆಳಗಿನ ಮುಂಬೈ ಲೋಕಲ್ ರೈಲಿನಲ್ಲಿ ನಾವು ನಿಲ್ಲುವ ಹಾಗೆ. ಲಾರಿಯವರಿಗೆ ದೂರದಿಂದ ಕಾಣಲೆಂದು ದಪ್ಪ ಮಾಡಿದೆ. ನೆಟ್ಟಗೆ ಬರೆದರೆ ಪೊಲೀಸ್ ಚೌಕಿಯಂತೆ ಕಾಣುತ್ತಿತ್ತು. ಬಿಸಿ ರೊಟ್ಟಿಗೆ ಸ್ವಲ್ಪ ಅವಸರ ಇರಲೆಂದು ಬಲಕ್ಕೆ ವಾಲಿಸಿದೆ. ನಿಯಮದಂತೆ ಮೇಲೆ ಮರಾಠಿ, ಕೆಳಗೆ ಕನ್ನಡ.

ಜೂನಿನಲ್ಲಿ ನಿಮ್ಮ ಇನ್‌ಸ್ಪೆಕ್ಟರು ಬಂದವರೇ “ಟೇಢಾ ಹೈ”, ಸೊಟ್ಟಗಿದೆ, ಎಂದರು. ಬೋರ್ಡಿನ ಮೇಲೆ ರಸಮಟ್ಟ ಇಟ್ಟು ತೋರಿಸಿದೆ. ಗುಳ್ಳೆ ನಡುಮಧ್ಯೆ ನಿಂತಿತು. ಬೋರ್ಡು ನೇರವಿದೆ ಎಂದು ಒಪ್ಪಿದರು. ಬರೆದುಕೊಂಡದ್ದು ಬೇರೆ: ‘ಅಕ್ಷರಗಳು ಹನ್ನೆರಡು ಡಿಗ್ರಿ ವಾಲಿದ್ದು, ಪಾದಚಾರಿಗಳ ಮೇಲೆ ಬೀಳುವ ಸಂಭವವಿದೆ.’ ಮಾನ್ಯರೇ, ಈ ಊರಿನಲ್ಲಿ ಅಕ್ಷರ ಬಿದ್ದು ಈವರೆಗೆ ಎಷ್ಟು ಜನ ಸತ್ತಿದ್ದಾರೆ?

ಏಳು ದಿನದಲ್ಲಿ ಸರಿಪಡಿಸದಿದ್ದರೆ ಬೀಗ ಎಂದು ನೋಟಿಸು ಬಂತು. ಮರಗಮ್ಮ ಫೋನ್ ಮಾಡಿದರು.

“ಅಣ್ಣಾರ, ಅಕ್ಷರ ಬೀಳ್ತಾವಂತ್ರಿ. ಮೊಳಿ ಹೊಡಿಲಿಕ್ಕೆ ಬರ್ತದೇನ್ರಿ?”

“ಅದು ಬರೀ ಬಣ್ಣ ಅಕ್ಕ, ಬೀಳುವುದಿಲ್ಲ.”

“ಮತ್ತ ಸಾಹೇಬ್ರಿಗೆ ಹೇಳ್ರಲ್ಲ.”

ಹೇಳಲು ಮೂರು ಸಲ ನಿಮ್ಮಲ್ಲಿಗೆ ಬಂದೆ. ಮೂರನೆಯ ಸಲ ಇನ್‌ಸ್ಪೆಕ್ಟರೇ ಪರಿಹಾರ ಕೊಟ್ಟರು: ಬೋರ್ಡನ್ನು ಎಡಕ್ಕೆ ಹನ್ನೆರಡು ಡಿಗ್ರಿ ತಿರುಗಿಸಿ, ಅಕ್ಷರಗಳು ನೆಟ್ಟಗಾಗುತ್ತವೆ. ಬೇಡವೆಂದೆ. ಗಡುವಿಗೆ ಒಂದೇ ದಿನ ಉಳಿದಿತ್ತು, ತಿರುಗಿಸಿದೆ. ನಾಲ್ಕು ಬೋಲ್ಟುಗಳಲ್ಲಿ ಎರಡಕ್ಕೆ ಮಾತ್ರ ಗೋಡೆ ಸಿಕ್ಕಿತು. ಇನ್‌ಸ್ಪೆಕ್ಟರು ತಲೆ ಓರೆ ಮಾಡಿ ನೋಡಿ, ಫೋಟೋ ತೆಗೆದು, ‘ಸುರಕ್ಷಿತ’ ಎಂದು ಬರೆದರು.

ಅದಾದ ಒಂಬತ್ತನೆಯ ದಿನ ಮಧ್ಯಾಹ್ನ ಅದು ರೊಟ್ಟಿ ಬಡಿಯುತ್ತಿದ್ದ ಮರಗಮ್ಮನವರ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಭುಜಕ್ಕೆ ಬ್ಯಾಂಡೇಜು ಸುತ್ತಿಕೊಂಡೇ ಅವರು ಹೇಳಿದರು, “ಮತ್ತ ಹಾಂಗೇ ಬರೀರಿ ಅಣ್ಣಾರ. ನೆಟ್ಟಗ ಬ್ಯಾಡ. ನನ್ನ ಹೆಸರು ಓಡಿ ಹೊಂಟಂಗ ಕಾಣ್ತಿತ್ತು.”

ಆದ್ದರಿಂದ ನನ್ನ ಬೇಡಿಕೆ: ಎರಡೂ ನೋಟಿಸು ಹಿಂದಕ್ಕೆ ಪಡೆಯಿರಿ. ‘ಬೋರ್ಡು ನೇರವಿರತಕ್ಕದ್ದು, ಅಕ್ಷರ ತನ್ನಿಷ್ಟದಂತೆ ವಾಲತಕ್ಕದ್ದು’ ಎಂದು ಬರೆದುಕೊಡಿ. ಅದನ್ನು ನೀವೇ ಒಯ್ದು ಮರಗಮ್ಮನವರ ಕೈಗೆ ಕೊಟ್ಟು ಕ್ಷಮೆ ಕೇಳಿ.

ಮೊದಲ ನೋಟಿಸಿನ ಕೆಳಗಿನ ನಿಮ್ಮ ರುಜುವನ್ನು ಅಳೆದು ನೋಡಿದೆ. ಬಲಕ್ಕೆ ಇಪ್ಪತ್ತಾರು ಡಿಗ್ರಿ ವಾಲಿದೆ. ಮರಗಮ್ಮನವರ ಮೇಲೆ ಬಿದ್ದದ್ದು ಅದೇ.

ಇಂತಿ,
ಬೇಡವೆನ್ನುತ್ತಲೇ ಬೋಲ್ಟು ಬಿಗಿದ
ಲೋಕನಾಥ, ಡೊಂಬಿವಿಲಿ