ಓಡಿಹೋದ ಸೈನಿಕರಿಗೆ ಅಪ್ಪನಾದವನು

ನೆರೆದೇಶಗಳ ಜಂಟಿ ಶಾಂತಿಪಡೆಯ ಮಹಾದಂಡನಾಯಕರೇ,

ಆಫ್ರಿಕಾದ ಬೆಂಕಿಯನ್ನು ಆಫ್ರಿಕಾದವರೇ ಆರಿಸುತ್ತೇವೆ, ನಮ್ಮ ಪೆಲೆತಾ ಊರಿಗೆ ಹೊಸ ತುಕಡಿ ಬರುತ್ತದೆ, ಜನ ಸಹಕರಿಸಬೇಕು ಎಂದು ನೀವು ರೇಡಿಯೋದಲ್ಲಿ ಹೇಳಿದ್ದು ಕೇಳಿ ಈ ಕಾಗದ ಬರೆಯಲು ಕೂತೆ. ಹಿಂದಿನ ತುಕಡಿಗೆ ಸಹಕರಿಸಿದ ನನ್ನಪ್ಪ ತೋಕ್ಪಾ ಇವತ್ತು ಬಂಡುಕೋರರ ಸೆರೆಯಲ್ಲಿದ್ದಾನೆ. ಗೊತ್ತಿದ್ದೂ ಸಹಕಾರ ಕೇಳಲು ಎಂಥ ಮುಖ ಬೇಕು ಸ್ವಾಮಿ?

ನಮ್ಮಲ್ಲಿ ಪರಸ್ಥಳದವರು ಬಂದರೆ ಊರೊಳಗೆ ಅವರಿಗೊಬ್ಬ ಅಪ್ಪ ಬೇಕು. ಬಂದವರು ಮರ್ಯಾದೆಗೆಂದು ಕೊಡುವ, ನಾವು ಅಡಿಕೆಯಂತೆ ಅಗಿಯುವ ಕೋಲಾಕಾಯಿ ತೆಗೆದುಕೊಂಡವನೇ ಆ ಅಪ್ಪ; ಅವನು ಅವರ ಊಟಕ್ಕೂ ಹೊಣೆ, ತಪ್ಪಿಗೂ ಹೊಣೆ. ನಿಮ್ಮವರು ಬಂದಾಗ ಆ ಕಾಯಿಗೆ ಕೈ ಚಾಚಿದವನು ನನ್ನಪ್ಪನೊಬ್ಬನೇ. ನಾನು ಬೇಡವೆಂದೆ. "ನಮ್ಮನ್ನ ಕಾಯೋಕೆ ಬಂದೋರು ಕಣೇ, ಬೀದೀಲಿ ನಿಲ್ಸೋಕಾಗತ್ತಾ?" ಅಂದ. ಮರಗೆಣಸಿನ ಸೊಪ್ಪಿಗೆ ತಾಳೆಣ್ಣೆ ಹಾಕಿ ಬೇಯಿಸಿ ನಾನೇ ಬಡಿಸಿದೆ. ಅದೆಂಥ ಪಡೆಯೋ! ಮೂರು ದೇಶದವರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಲಾರಿ ಇದ್ದವರ ಹತ್ತಿರ ಡೀಸೆಲ್ ಇಲ್ಲ, ಡೀಸೆಲ್ ಇದ್ದವರು ತಮ್ಮ ರಾಜಧಾನಿಯ ಅಪ್ಪಣೆಯಿಲ್ಲದೆ ಕೊಡುವುದಿಲ್ಲ. ಬಂಡುಕೋರರ ದೋಣಿಗೆ ಮಾತ್ರ ಅದೇ ಡೀಸೆಲ್ ಸಲೀಸಾಗಿ ತಲುಪುತ್ತಿತ್ತು. ಇದಕ್ಕೇ ಏನು ನೀವು ತಟಸ್ಥ ನೀತಿ ಎನ್ನುವುದು?

ಬಂಡುಕೋರರು ಹೊಳೆ ದಾಟಿದ ಬೆಳಿಗ್ಗೆ ನಿಮ್ಮ ಕ್ಯಾಪ್ಟನ್, ತಮ್ಮ ಮೇಲೆ ಗುಂಡು ಬಿದ್ದರೆ ಮಾತ್ರ ತಿರುಗಿ ಹೊಡೆಯಬಹುದು, ಅಷ್ಟೇ ಆರ್ಡರ್ ಇರುವುದು ಎಂದು ಅಪ್ಪನಿಗೆ ವಿವರಿಸಿದ.

"ನಮ್ ಮೇಲೆ ಬಿದ್ರೆ?" ಎಂದು ಅಪ್ಪ ಕೇಳಿದ.

ಕ್ಯಾಪ್ಟನ್ ಲಾರಿ ಹತ್ತಿದ. ಆ ದಿನ ಡೀಸೆಲ್ ಎಲ್ಲಿತ್ತೋ, ಮೂರೂ ದೇಶದ ಲಾರಿಗಳು ಒಟ್ಟಿಗೇ ಹೊರಟವು. ನಿಮ್ಮವರಲ್ಲಿ ನಾವು ಒಗ್ಗಟ್ಟು ಕಂಡದ್ದು ಅದೊಂದೇ ದಿನ.

ಊರೊಳಗೆ ನುಗ್ಗಿದವರು ಆ ಸೈನಿಕರ ಅಪ್ಪ ಯಾರೆಂದು ಕೇಳಿದರು. ನಿಮ್ಮವರು ಬಂಡುಕೋರರಿಂದ ಕಸಿದುಕೊಂಡಿದ್ದ ಬಂದೂಕುಗಳಿಗೆ ಅವನೇ ಜವಾಬು ಹೇಳಬೇಕಿತ್ತು. ನೆರೆಹೊರೆಯವರು ತುಟಿ ಬಿಚ್ಚಲಿಲ್ಲ. ತಾನೂ ಸುಮ್ಮನಿದ್ದಿದ್ದರೆ ಅಪ್ಪ ಅವರ ಕೈಗೆ ಸಿಗದೆ ಉಳಿಯುತ್ತಿದ್ದ. ಅವನು ಎದ್ದು ನಿಂತು, "ಅವ್ರು ನನ್ ಮಕ್ಳು. ಏನಿದ್ರೂ ನನ್ನೇ ಕೇಳಿ" ಅಂದ. ಓಡಿಹೋದ ಆ ಹೇಡಿಗಳನ್ನು ಮಕ್ಕಳು ಅಂದ! ನೆನೆದರೆ ಮೈ ಉರಿಯುತ್ತದೆ.

ಅವನು ಬದುಕಿದ್ದಾನೆ. ಹೊಳೆಯ ಮೇಲ್ದಂಡೆಯ ಪಾಳುಬಿದ್ದ ರಬ್ಬರ್ ಕಾರ್ಖಾನೆಯಲ್ಲಿ ಬಂಡುಕೋರರಿಗೆ ಭತ್ತ ಕುಟ್ಟುತ್ತಿದ್ದುದನ್ನು ಉಪ್ಪು ಮಾರುವ ಹೆಂಗಸರು ಕಂಡಿದ್ದಾರೆ. ನಿಮ್ಮ ಕಚೇರಿಗೆ ಹೋಗಿ ಹೇಳಿದರೆ, ಆ ಜಾಗ ಯಾವ ದೇಶದ ತುಕಡಿಗೆ ಸೇರುತ್ತದೆಂದು ಪರಿಶೀಲಿಸುತ್ತಿದ್ದೇವೆ ಎಂದರು. ಥೂ, ನಿಮ್ಮ ಪರಿಶೀಲನೆಗಿಷ್ಟು.

ಮಾತಾಡಿಯೋ ಕಾದಾಡಿಯೋ, ಮೊದಲು ಅಪ್ಪನನ್ನು ಬಿಡಿಸಿ ತನ್ನಿ. ಆಮೇಲೆ ನಿಮ್ಮ ಹೊಸ ಸೈನಿಕರು ಅವನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಆ ಮನುಷ್ಯ ಅವರನ್ನೂ ಮನೆಯೊಳಗೆ ಕರೆಯುತ್ತಾನೆ.

ಇಂತಿ,
ನಿಮ್ಮವರಿಗೆ ಅನ್ನ ಹಾಕಿದ ದಡ್ಡಿ,
ಕೆಬ್ಬೆ, ತೋಕ್ಪಾನ ಮಗಳು