ನಾಲ್ಕನೇ ಹುಣಸೆ ಬೀಜ

ಪಿನ್‌ಕೋಡ್ ತಿಳಿಯದ ಊರಿನ ಮರಿಲಿಂಗ ಮಹಾರಾಜರಿಗೆ,

ಭಾನುವಾರ ಮಧ್ಯಾಹ್ನ ಶಹಾಪುರದ ನಮ್ಮ ಮನೆಯಲ್ಲಿ ನನ್ನ ಹೊಸ ಕಥೆಯಾಟದ ಉದ್ಘಾಟನೆಯಾಯಿತು. ಹೊಳೆ ದಾಟುವ ಕಥೆ. ಹೇಳುವವನು ನಾನು, ಆಡುವವರು ನಮ್ಮ ಹಳೇ ಗುಂಪಿನಲ್ಲಿ ಉಳಿದ ಮೂವರು, ಪಾತ್ರಕ್ಕೊಂದು ಹುಣಸೆ ಬೀಜ. ರೂಢಿ ನೋಡು, ನಾಲ್ಕು ಇಟ್ಟುಬಿಟ್ಟೆ.

"ನಾಲ್ಕನೇದು ಯಾರದಪಾ?" ಎಂದಳು ಸುಮಲತಾ.

"ಮರಿಲಿಂಗಂದು. ಇರ್ಲಿ ಬಿಡು, ಅವನೂ ದಾಟ್ಲಿ," ಎಂದ ಗುರಪ್ಪ.

ನಿನ್ನ ಪರವಾಗಿ ದಾಳ ಉರುಳಿಸಿದೆ. ಒಂದು. ಮತ್ತೆ ಒಂದು. ಮೂರನೇ ಸಲವೂ ಒಂದೇ. ಇಂಥ ದರಿದ್ರ ಕೈ ಲೋಕದಲ್ಲಿ ನಿನ್ನದೊಂದೇ ಇತ್ತು. ಮೂರು ಸಲ ಒಂದು ಬಿದ್ದವನು ಮುಳುಗಬೇಕೆಂದು ನಿಯಮ ಬರೆದ ಮಹಾಪಂಡಿತ ನಾನೇ.

"ದಂಡಿ ಮ್ಯಾಲ ಕೈ ಕೊಡಾಕ ಯಾರೂ ಇರ್ಲಿಲ್ಲೇನು?" ಸುಮಲತಾ ಕೇಳಿದಳು.

ನೀನು ಮುಳುಗಿದ ದಿನ, ಹೊಳೆಗೆ ಬಾ ಎಂದು ನೀನೇ ಫೋನ್ ಮಾಡಿದಾಗ "ಹತ್ತು ನಿಮಿಷದಾಗ ಬಂದೆ" ಎಂದು ಮತ್ತೆ ಮಲಗಿದ ನಾನು, "ನಾ ಇದ್ನಲ್ಲ" ಎಂದೆ. ನಿನ್ನನ್ನು ದಾಟಿಸಿದೆ.

ಎತ್ತಿಡುವಾಗ ಮೂರು ಬೀಜ ಒಣಗಿದ್ದವು. ನಿನ್ನದು ಒದ್ದೆಯಾಗಿತ್ತು.