ಜನವರಿಯಲ್ಲಿ ಇಲ್ಲದ ಮಕ್ಕಳು

ರಾಮಮೂರ್ತಿ ನಗರ
19 ಜನವರಿ 2025, ಭಾನುವಾರ

ಪ್ರೀತಿಯ ಶ್ರೀವಿದ್ಯಾ,

‘ಹೇಳಿಕೊಂಡರೆ ಅರ್ಧವಾಗುವುದು ಭಾರ.’ ಎಂ.ಎ. ಓದುವಾಗ ಹಾಸ್ಟೆಲಿನ ಕಪಾಟಿನ ಮೇಲೆ ನೀನು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ ಸಾಲು. ಅದರ ಮುಂದಿನ ಸಾಲು ಎಷ್ಟು ತಡಕಿದರೂ ನೆನಪಾಗುತ್ತಿಲ್ಲ. ಮಿಕ್ಕ ಅರ್ಧ ಎಲ್ಲಿಗೆ ಹೋಗುತ್ತದೆಂದು ಬರೆದವರು ಹೇಳಿದ್ದರೋ, ಇಲ್ಲ ನಮ್ಮ ಹಾಗೆ ಅಷ್ಟಕ್ಕೇ ಸಮಾಧಾನಪಟ್ಟಿದ್ದರೋ. ಈಗ ನನಗೆ ಆ ಸಾಲಿನ ಮೇಲೇ ನಂಬಿಕೆ ಹೋಗಿದೆ.

ಹತ್ತನೆಯ ತರಗತಿಯ ಮಕ್ಕಳ ಪರೀಕ್ಷೆ ಭಯಕ್ಕೆ ನಿಮ್ಮ ಶಾಲೆಯಲ್ಲಿ ನೀನು ನಡೆಸುತ್ತಿರುವ ಆಪ್ತಸಲಹೆ ಎಷ್ಟು ಫಲ ಕೊಟ್ಟಿದೆ ಎಂದು ನೋಡಿ ಹೇಳಲು, ಅದಕ್ಕೆ ಹಣ ಕೊಡುವ ಟ್ರಸ್ಟಿನವರು ನನ್ನನ್ನು ಕೇಳಿದಾಗ ಹಿಗ್ಗಿದ್ದೆ. ನನ್ನ ಹೆಸರು ಸೂಚಿಸಿದವಳೂ ನೀನೇ. ನಿದ್ದೆ ಬರುತ್ತದೆಯೇ, ಪ್ರಶ್ನೆಪತ್ರಿಕೆ ಕಂಡರೆ ಕೈ ನಡುಗುತ್ತದೆಯೇ ಎಂದು ಜೂನ್‌ನಲ್ಲಿ ಮಕ್ಕಳನ್ನು ಕೇಳಿದೆ. ಈ ತಿಂಗಳ ಮೊದಲ ವಾರ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿದೆ. ತರಗತಿಯ ಭಯ ನಾನೇ ನಂಬದಷ್ಟು ಇಳಿದಿತ್ತು. ‘ಕಾರ್ಯಕ್ರಮ ಫಲಿಸಿದೆ’ ಎಂದು ಕರಡಿನಲ್ಲಿ ಬರೆದು, ಆ ಖುಷಿಗೆ ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಗುರುವಾರ ಬೆಳಿಗ್ಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ನಿಂತಿದ್ದಾಗ ಸಂಘಮಿತ್ರಾ ಸಿಕ್ಕಳು. ನಮ್ಮ ಕೆಳಗಿನ ಮನೆಯ ಅಂಜಿನಮ್ಮನ ಮಗಳು, ನಿಮ್ಮ ಶಾಲೆಯ ಹುಡುಗಿ. ಮೈಮೇಲೆ ಯೂನಿಫಾರ್ಮ್ ಇರಲಿಲ್ಲ. ಊಟದ ಡಬ್ಬಿ ಎದೆಗವಚಿಕೊಂಡು, ಕಣ್ಣು ಮುಚ್ಚಿ, ಬೆರಳ ಗೆಣ್ಣಿನ ಮೇಲೆ ಎಣಿಸುತ್ತ ಉಸಿರೆಳೆದು ಬಿಡುತ್ತಿದ್ದಳು. ಏನದು ಎಂದು ಕೇಳಿದೆ.

“ಶ್ರೀವಿದ್ಯಾ ಮಿಸ್ ಹೇಳ್ಕೊಟ್ಟಿದ್ದು ಆಂಟಿ. ಓನರ್ ಬೈತಾರೆ ಅಂತ ಗೊತ್ತಾದ್ರೆ ಮೊದ್ಲೇ ಮಾಡ್ಕೊತೀನಿ. ಕೈ ನಡುಗಲ್ಲ ಆಮೇಲೆ.”

ಇಂದಿರಾನಗರದ ಬಟ್ಟೆ ಅಂಗಡಿಯೊಂದರಲ್ಲಿ ಬಟ್ಟೆ ಮಡಚುವ ಕೆಲಸವಂತೆ. ದೀಪಾವಳಿಯ ನಂತರ ಶಾಲೆ ಬಿಡಿಸಿದರಂತೆ, ಮೇಲಿನ ಮನೆಯಲ್ಲೇ ಇದ್ದೂ ನನಗೆ ಗೊತ್ತಾಗಿರಲಿಲ್ಲ. ಹೆಡ್‌ಮಾಸ್ಟರು ಅವಳ ಅಪ್ಪ ಮುರಳಿಯನ್ನು ಕರೆಸಿ, ಮಗುವಿಗೆ ಪರೀಕ್ಷೆ ಎಂದರೆ ಜೀವಭಯ, ನಮ್ಮ ಕೌನ್ಸೆಲರ್ ಮೇಡಮ್ಮೇ ಹೇಳಿದ್ದಾರೆ, ಏನಾದರೂ ಮಾಡಿಕೊಂಡರೆ ಯಾರು ಹೊಣೆ, ಟಿ.ಸಿ. ತೆಗೆದುಕೊಳ್ಳಿ, ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಲಿ ಎಂದರಂತೆ. ಗೂಡ್ಸ್ ಆಟೋ ಓಡಿಸುವ ಮನುಷ್ಯ, ಹೆದರಿ ಸಹಿ ಹಾಕಿದ್ದಾನೆ.

ಬಸ್ಸು ಹತ್ತುವ ಮುಂಚೆ ಹುಡುಗಿ ತಿರುಗಿ ಕೇಳಿದಳು: “ನಾನು ಮಿಸ್ ಹತ್ರ ಮಾತ್ರ ಹೇಳಿದ್ದೆ ಆಂಟಿ. ಸಾರ್‌ಗೆ ಹೆಂಗ್ ಗೊತ್ತಾಯ್ತು?”

ಮನೆಗೆ ಬಂದು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಒಂದೊಂದು ಮಗುವಿನ ಜೂನ್‌ನ ಉತ್ತರದ ಪಕ್ಕದಲ್ಲಿ ಅದೇ ಮಗುವಿನ ಜನವರಿಯ ಉತ್ತರ ಇಟ್ಟು ನೋಡಿದೆ. ಜೂನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದ ಒಂಬತ್ತು ಮಕ್ಕಳು ಜನವರಿಯಲ್ಲಿ ಇಲ್ಲವೇ ಇಲ್ಲ. ಉಳಿದವರು ಆಗ ಎಷ್ಟು ಹೆದರಿದ್ದರೋ ಈಗಲೂ ಅಷ್ಟೇ ಹೆದರಿದ್ದಾರೆ. ಭಯ ಇಳಿಯಲಿಲ್ಲ ಶ್ರೀವಿದ್ಯಾ, ಹೆದರಿದವರನ್ನು ಇಳಿಸಲಾಯಿತು. ಗೇಟಿನಲ್ಲಿ ತೂಗುವ ‘ನೂರಕ್ಕೆ ನೂರು ಫಲಿತಾಂಶ’ದ ಫ್ಲೆಕ್ಸ್ ಈ ವರ್ಷವೂ ತೂಗಬೇಕಲ್ಲ. ಯಾರು ಫೇಲಾಗಬಹುದು ಎಂದು ಹೆಡ್‌ಮಾಸ್ಟರು ಹುಡುಕಬೇಕಾಗಿಯೇ ಇರಲಿಲ್ಲ. ಮಕ್ಕಳೇ ನಿನ್ನ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಅಳುತ್ತ ಹೇಳುತ್ತಿದ್ದರು.

ನಿನ್ನೆ ಹಲಸೂರು ಕೆರೆಯ ಕಟ್ಟೆಯ ಮೇಲೆ ನೀನು ಆಡಿದ್ದನ್ನು ಮರೆತಿಲ್ಲ. ಆ ಮಕ್ಕಳ ಮೇಲೆ ಒತ್ತಡ ಕಡಿಮೆ ಮಾಡಲಿ, ಮೇಷ್ಟ್ರುಗಳು ಗದರದಿರಲಿ ಎಂದೇ ಹೆಡ್‌ಮಾಸ್ಟರಿಗೆ ಹೆಸರು ಹೇಳಿದೆ ಎಂದೆ. ನಂಬುತ್ತೇನೆ. ಆದರೆ ಹೋದ ವರ್ಷವೂ ನೀನು ಹೆಸರು ಹೇಳಿದ ಮಕ್ಕಳು ಹೀಗೆಯೇ ಹೋದರಲ್ಲ, ಈ ವರ್ಷ ಯಾಕೆ ಮತ್ತೆ ಹೇಳಿದೆ ಎಂದು ನಾನು ಕೇಳಿದ್ದಕ್ಕೆ ನೀನು ನೀರಿನ ಕಡೆ ತಿರುಗಿ ಕುಳಿತೆ. ಆ ಕಡೆ ಮುಖವಿಟ್ಟೇ ಹೇಳಿದೆ.

“ಬಿಟ್ಟೋದ ಮಕ್ಕಳ ವಿಷ್ಯ ವರದೀಲಿ ಬೇಡ ಕಣೇ. ನಾನು ಹೋದ್ರೆ ಆ ರೂಮು ಮತ್ತೆ ಸ್ಟೋರ್ ರೂಮ್ ಆಗುತ್ತೆ. ಅಳೋಕಾದ್ರೂ ಒಂದು ಜಾಗ ಬೇಡ್ವಾ ಅವಕ್ಕೆ?”

ಬೇಕು. ಆದರೆ ಅಳುವುದಕ್ಕೆಂದು ಬಂದ ಮಗುವನ್ನು ಗುರುತಿಸಿ ಹೊರಗೆ ಕಳಿಸುವ ಜಾಗವಾದರೆ, ಅಲ್ಲಿ ಮುರಿದ ಬೆಂಚುಗಳೇ ಇರಲಿ. ನಾನು ಸುಮ್ಮನಿದ್ದರೆ ಬರುವ ಜೂನ್‌ನಿಂದ ಟ್ರಸ್ಟಿನವರು ಇಂಥ ಕೋಣೆಯನ್ನು ಇನ್ನೂ ಹತ್ತು ಶಾಲೆಗಳಲ್ಲಿ ತೆರೆಯುತ್ತಾರೆ. ಸಂಘಮಿತ್ರಾಳಿಗಂತೂ ಮಾರ್ಚ್ ಪರೀಕ್ಷೆ ತಪ್ಪಿಯಾಯಿತು. ನೋಂದಣಿ ಮುಗಿದು ಹೋಗಿದೆ, ವಿಚಾರಿಸಿದೆ.

ನಾಳೆ ವರದಿ ಕಳಿಸುತ್ತೇನೆ. ಒಂಬತ್ತು ಮಕ್ಕಳ ವಿಷಯ ಇರುತ್ತದೆ. ಮೊದಲ ಕರಡಿನಲ್ಲಿ ನಾನು ಮೋಸ ಹೋದದ್ದೂ ಇರುತ್ತದೆ. ನಿನ್ನ ಕೆಲಸ ಹೋಗಬಹುದು. ಹೆಡ್‌ಮಾಸ್ಟರ ಕುರ್ಚಿ ಅಲುಗುವುದಿಲ್ಲ ಎಂಬುದು ನಿನ್ನಷ್ಟೇ ನನಗೂ ಗೊತ್ತು. ಒಂದು ಸಲ ಬಾ. ‘ಸಾರ್‌ಗೆ ಹೆಂಗ್ ಗೊತ್ತಾಯ್ತು’ ಎಂದು ಕೇಳಿದ ಹುಡುಗಿ ಕೆಳಗಿನ ಮನೆಯಲ್ಲೇ ಇದ್ದಾಳೆ. ಅವಳಿಗೆ ಉತ್ತರ ನೀನೇ ಕೊಡಬೇಕು.

ಬೈದರೂ ಬಂದು ಬೈಯುವೆಯೆಂದು ಕಾಯುವ,
ಶಾಂತಕುಮಾರಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ವರದಿ ನಾಳೆ ಹೋಗುವುದಲ್ಲ, ಇವತ್ತು ಬೆಳಿಗ್ಗೆಯೇ ಹೋಗಿದೆ. ನೀನು ಇನ್ನೊಮ್ಮೆ ಬೇಡವೆಂದಿದ್ದರೆ ನನ್ನ ಕೈ ನಿಲ್ಲುತ್ತಿತ್ತು, ಅದಕ್ಕೇ ಕಳಿಸಿದ ಮೇಲೆ ಈ ಕಾಗದಕ್ಕೆ ಕುಳಿತೆ. ಇಷ್ಟು ಬರೆಯುವಾಗ ನೀರಿನ ಟ್ಯಾಂಕರ್ ಬಂತೆಂದು ಹೇಳಲು ಅಂಜಿನಮ್ಮ ಬಂದಳು. ಯಾರಿಗೆ ಮೇಡಂ ಕಾಗದ ಎಂದು ಕೇಳಿದಳು, ಹೇಳಿದೆ. ಬಾಗಿಲಲ್ಲೇ ನಿಂತು ಸೆರಗಿನಿಂದ ಕೈ ಒರೆಸಿಕೊಂಡಳು.

“ಆ ಮಿಸ್‌ಗಾ? ನಾನು ಕೇಳ್ದೆ ಅಂತ ಬರೀರಿ. ಪಾಪ, ನಮ್ ಹುಡ್ಗಿನ ಕೂರಿಸ್ಕೊಂಡು ಕೇಳ್ದೋರು ಅವರೊಬ್ರೇ. ಈಗ ಚೆನ್ನಾಗಿ ನಿದ್ದೆ ಮಾಡ್ತಾಳೆ ಮೇಡಂ, ಬೆಚ್ಚಿ ಬೀಳಲ್ಲ. ಪರೀಕ್ಷೆ ಭಯ ಪೂರ್ತಿ ಹೋಯ್ತು. ಪರೀಕ್ಷೆನೇ ಹೋಯ್ತಲ್ಲ.”